ಕೂಲಂಟ್ ಕಾಕಾ

ದೀಪಾವಳಿ ಮುಗಿಯಿತೆಂದರೆ ಸಾಕು, ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರು, ಯಾವ ಊರಿನ ಗ್ಯಾರೇಜಿನಲ್ಲಾದರೂ ಒಬ್ಬ ಕೂಲಂಟ್ ಕಾಕಾ ಮಂಕಿ ಕ್ಯಾಪ್ ಹಾಕಿಕೊಂಡು ಕೂತಿರುತ್ತಾರೆ. ಹಾನಗಲ್ಲಿನಲ್ಲಿ ಅವರು ರಿಟೈರ್ಡ್ ಮಾಸ್ತರು, ಸವಣೂರಿನಲ್ಲಿ ಎಲೆ ವ್ಯಾಪಾರಿ, ಶಿಗ್ಗಾವಿಯಲ್ಲಿ ಗುತ್ತಿಗೆದಾರರು, ಹಿರೇಕೆರೂರಿನಲ್ಲಿ ಬೀಜ-ಗೊಬ್ಬರದ ಅಂಗಡಿಯವರು. ಕಸುಬು ಏನೇ ಇರಲಿ, ಮಾತು ಒಂದೇ: “ಥಂಡಿ ಬಂತಲೇ ತಮ್ಮಾ, ಗಾಡಿ ತಯಾರ್ ಮಾಡು.”

ಹಿರೇಕೆರೂರಿನ ಕಾಕಾಗೆ ಈ ಚಿಂತೆ ಹಚ್ಚಿದವನು ಷಿಕಾಗೋದಲ್ಲಿರುವ ಅಳಿಯ. ಅಲ್ಲಿ ರೇಡಿಯೇಟರಿನ ನೀರು ಹೆಪ್ಪುಗಟ್ಟಿ ಎಂಜಿನ್ನೇ ಸೀಳುತ್ತದೆಂದು ಅವನು ಫೋನಿನಲ್ಲಿ ಹೇಳಿದ್ದೇ ತಡ, ಕಾಕಾ ಅರ್ಧ ಗ್ಲೈಕಾಲ್, ಅರ್ಧ ನೀರಿನ ಕೂಲಂಟ್ ತುಂಬಿಸಿದರು. ಮೈನಸ್ 35 ಡಿಗ್ರಿಗೂ ಅದು ಜಪ್ಪಯ್ಯ ಅನ್ನುವುದಿಲ್ಲ.

“ಕಾಕಾ, ನಮ್ಮ ಕಡೆ ಮೈನಸ್ ಬರೂದು ಬ್ಯಾಂಕಿನ ಖಾತೇದಾಗ ಅಷ್ಟ” ಎಂದ ಮಿಸ್ತ್ರಿ. ಹಾಗೆಂದು ಬೇಡವೆನ್ನಲಿಲ್ಲ, ಅದೇ ಕೂಲಂಟ್ ಏಪ್ರಿಲ್ ಬಿಸಿಲಿನಲ್ಲಿ ಎಂಜಿನ್ ಕುದಿಯದಂತೆಯೂ ಒಳಗೆ ತುಕ್ಕು ಹಿಡಿಯದಂತೆಯೂ ಕಾಯುತ್ತದೆಂದು ಅವನಿಗೆ ಗೊತ್ತು.

ಹಿಮದಲ್ಲಿ ಸಿಕ್ಕಿಕೊಂಡರೆ ಇರಲೆಂದು ಕಾರಿನಲ್ಲಿ ಕಂಬಳಿ, ಟಾರ್ಚು, ತಿನಿಸು ಇಟ್ಟುಕೊಳ್ಳಬೇಕೆಂದೂ ಅಳಿಯ ಹೇಳಿದ್ದ. ಕಾಕಾ ಕೌದಿ, ಟಾರ್ಚು ಮತ್ತು ಒಂದು ಕಿಲೋ ಸವಣೂರು ಖಾರ ಇಟ್ಟರು. ಖಾರ ಬಸ್ ಸ್ಟ್ಯಾಂಡ್ ದಾಟುವುದರೊಳಗೆ ತೀರಿತು. ಕೌದಿಯನ್ನು ರಾತ್ರಿ ಬಾನೆಟ್ಟಿಗೆ ಹೊದಿಸಿದರು. ಗೋವಿನಜೋಳದ ಸುಗ್ಗಿ ಮುಗಿದು ಹೊಲದಿಂದ ಊರಿಗೆ ಬಂದಿದ್ದ ಇಲಿಗಳಿಗೆ ಇಷ್ಟು ಬೆಚ್ಚನೆಯ ಬಾಡಿಗೆ ಮನೆ ಬೇರೆಲ್ಲಿ ಸಿಗಬೇಕು? ಬಾಡಿಗೆಯ ಬಾಬ್ತು ಹೆಡ್‌ಲೈಟಿನ ವೈರು ತಿಂದವು.

ನಮ್ಮ ಸೀಮೆಯ ಚಳಿಗಾಲದ ಗಂಡಾಂತರಗಳೇ ಬೇರೆ. ಹಿಂದೆ ಕೆಂಪು ದೀಪವಿಲ್ಲದೆ ಮಂಜಿನಲ್ಲಿ ತೂಗಾಡುತ್ತ ಹೋಗುವ ಕಬ್ಬಿನ ಡಬಲ್ ಟ್ರೇಲರ್ ಒಂದು. ಒಕ್ಕಲೆಂದು ಡಾಂಬರ್ ರಸ್ತೆಗೆ ಹಾಸಿದ ಹುರಳಿ ಇನ್ನೊಂದು. ಒಣ ಬಳ್ಳಿ ಕಾರಿನಡಿ ಸುತ್ತಿಕೊಂಡು ಸೈಲೆನ್ಸರಿನ ಕಾವಿಗೆ ಹೊತ್ತಿಕೊಂಡರೆ ಷಿಕಾಗೋದ ಕೂಲಂಟ್ ಏನು ಮಾಡೀತು?

ಎಳ್ಳಮಾವಾಸ್ಯೆಗೆ ಚರಗ ಚೆಲ್ಲಲು ಕಾಕಾ ಸಂಸಾರ ಸಮೇತ ಹೊರಟರು. ತೊಡೆಯ ಮೇಲೆ ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹೋಳಿಗೆಯ ಬುಟ್ಟಿಗಳು. ಅಬಲೂರು ದಾರಿಯಲ್ಲಿ ಮೊಣಕಾಲೆತ್ತರ ಹುರಳಿ. ಕಾಕಾ ಹೆದರಿ ಹೆದರಿ ದಾಟಿಸಿ ಉಸ್ಸೆಂದರು. ಹಿಂದಿನಿಂದ ಒಬ್ಬಾಕೆ ಮೊರ ಬೀಸುತ್ತ ಓಡಿಬಂದಳು:

“ಸಾವ್ಕಾರ್ರ, ಪುಣ್ಯಾ ಬರ್ತೈತಿ, ಇನ್ನೊಂದ್ ಸಲಾ ಹಿಂದಕ್ಕ ಹಾಯಿಸ್ರಿ. ಕಾಳು ಇನ್ನೂ ಬಿಟ್ಟಿಲ್ಲ!”

ಹಬ್ಬದ ದಿನ ಹೆಣ್ಣುಮಗಳ ಮಾತು ಮೀರುವುದು ಹೇಗೆ? ಮೈನಸ್ 35ಕ್ಕೆ ಸಜ್ಜಾದ ಕಾರು ಹಿಂದಕ್ಕೂ ಮುಂದಕ್ಕೂ ತಿರುಗುತ್ತ ಹುರಳಿ ತುಳಿಯಿತು.

ಮರುದಿನ ಗ್ಯಾರೇಜಿನಲ್ಲಿ ಮಿಸ್ತ್ರಿ ಕಾರಿನಡಿ ಮಲಗಿ ಬಳ್ಳಿ ಎಳೆದೆಳೆದು ತೆಗೆದ. ಗೋಣಿತಾಟಿನ ಮೇಲೆ ಬೊಗಸೆ ತುಂಬ ಹುರಳಿ ಬಿತ್ತು. “ನೋಡಪಾ, ಕೂಲಂಟ್ ಇತ್ತಂತ ಬಚಾವ್ ಆದ್ವಿ” ಎಂದರು ಕಾಕಾ.

ಕಾಕು ಕಾಳನ್ನು ಸೆರಗಿಗೆ ಹಾಕಿಕೊಂಡು, “ಇವತ್ತಿನ ಸಾರಿಗಾತು ಬಿಡ್ರಿ. ತಂದಾಗಿಂದ ಬರೇ ಉಂಡಿದ್ದಷ್ಟ, ಈ ಕಾರು ಮೊದಲನೇ ಸಲ ದುಡದೈತಿ” ಎಂದರು.