ಅತ್ತೆಯ ಹಿಟ್ಟು, ಸೊಸೆಯ ಸೀರೆ

ಅಮೆರಿಕದ ಕನ್ನಡ ಮನೆಗಳಲ್ಲಿ ಅತ್ತೆ-ಸೊಸೆಯ ನಡುವೆ ಕಿಡಿ ಹಾರಲು ದೊಡ್ಡ ಕಾರಣವೇನೂ ಬೇಕಿಲ್ಲ. ಶಿಕಾಗೋ ಪಕ್ಕದ ನಮ್ಮ ಮನೆಯಲ್ಲಿ ಉಗುರಿನಷ್ಟಗಲದ ಒಂದು ಪತಂಗ ಸಾಕಾಯಿತು.

ಅಡುಗೆಮನೆಯ ದೀಪದ ಹತ್ತಿರ ಅದು ಅಂಕುಡೊಂಕಾಗಿ ಹಾರಿದ್ದೇ ತಡ, ಹೆಂಡತಿ ಇಳಕಲ್ ಸೀರೆಗಳ ಪೆಟ್ಟಿಗೆಗೆ ಓಡಿದಳು. ‘ಬಟ್ಟೆ ತಿನ್ನೋ ನುಸಿ ರೀ! ರೇಷ್ಮಿ ಸೆರಗೆಲ್ಲ ಹೋತು!’

ನಿಡಗುಂದಿಯಿಂದ ಬಂದಿದ್ದ ಅವ್ವ ಕೂತಲ್ಲಿಂದ ಏಳಲಿಲ್ಲ. ‘ಬಟ್ಟಿ ತಿನ್ನೂ ಹುಳ ಕತ್ತಲ್ಯಾಗ ಅಡಗಿರತೈತಿ. ಇದು ಅಡಗಿಮನ್ಯಾಗ ಹಾರಾಕತ್ತೈತಿ. ಡಬ್ಬಿ ನೋಡವಾ.’

ಅವ್ವ ಕೀಟಶಾಸ್ತ್ರ ಓದಿದವಳಲ್ಲ, ಆದರೆ ಹೇಳಿದ್ದು ಸರಿ. ಬಟ್ಟೆ ನುಸಿಗೆ ಮೈಯೆಲ್ಲ ಒಂದೇ ಹೊನ್ನಿನ ಬಣ್ಣ, ಬೆಳಕು ಆಗಿಬರುವುದಿಲ್ಲ. ಮಗ ಲೋಟ ಮುಚ್ಚಿ ಹಿಡಿದದ್ದಕ್ಕೆ ಎರಡು ಬಣ್ಣ: ರೆಕ್ಕೆಯ ಬುಡ ಮಾಸಲು ಕೆನೆ, ತುದಿಯ ಕಡೆ ತಾಮ್ರಗೆಂಪು, ಅರ್ಧ ಹೊತ್ತಿದ ರೊಟ್ಟಿಯ ಹಾಗೆ. ಫೋನಿನಲ್ಲಿ ಹುಡುಕಿ ಕೂಗಿದ: ‘ಪ್ಲೋಡಿಯಾ ಇಂಟರ್‌ಪಂಕ್ಟೆಲ್ಲಾ. ಇಂಡಿಯನ್ ಮೀಲ್ ಮಾತ್!’

‘ಇಂಡಿಯನ್’ ಕಿವಿಗೆ ಬೀಳುತ್ತಲೇ ಹೆಂಡತಿಯ ಕಣ್ಣು ಅವ್ವ ತಂದ ಜೋಳದ ಹಿಟ್ಟಿನ ಚೀಲದತ್ತ ಹೊರಳಿತು. ಬಾಯಿ ಬಿಡಲಿಲ್ಲ, ಅದೇ ಅಪಾಯ. ಆದರೆ ಹೆಸರಿಗೂ ನಿಡಗುಂದಿಗೂ ಸಂಬಂಧವಿಲ್ಲ. 1856ರಲ್ಲಿ ನ್ಯೂಯಾರ್ಕ್ ರಾಜ್ಯದ ಕೀಟತಜ್ಞ ಆಸಾ ಫಿಚ್ ಇದನ್ನು ಮೆಕ್ಕೆಜೋಳದ ಹಿಟ್ಟಿನಲ್ಲಿ ಕಂಡಿದ್ದ. ಅಲ್ಲಿಯ ಮೂಲನಿವಾಸಿಗಳ ಬೆಳೆಯಾದ್ದರಿಂದ ಆ ಹಿಟ್ಟಿಗೆ ‘ಇಂಡಿಯನ್ ಮೀಲ್’ ಎನ್ನುತ್ತಿದ್ದರು.

ಎಲ್ಲ ಡಬ್ಬಿ ಸುರಿದು ನೋಡಿದೆವು. ಜೋಳದ ಹಿಟ್ಟು, ಶೇಂಗಾ ಹಿಂಡಿ, ಅಗಸಿ ಹಿಂಡಿ ಎಲ್ಲ ಶುದ್ಧ. ಸಿಕ್ಕಿದ್ದು ಡಯಟ್‌ಗೆಂದು ಹೆಂಡತಿ ತಂದು ಮರೆತಿದ್ದ ಬಾದಾಮಿಯ ದೊಡ್ಡ ಪೊಟ್ಟಣದಲ್ಲಿ. ಬೀಜಕ್ಕೆ ಬೀಜ ನೂಲಿನ ಬಲೆಯಲ್ಲಿ ಅಂಟಿಕೊಂಡಿತ್ತು, ನಡುವೆ ಬಿಳಿ ಹುಳ ಹೊರಳುತ್ತಿತ್ತು. ಹಾರುವ ಪತಂಗ ಏನೂ ತಿನ್ನುವುದಿಲ್ಲ; ತಿನ್ನುವುದೆಲ್ಲ ಈ ಮರಿ, ತೆಳು ಪ್ಲಾಸ್ಟಿಕ್ಕನ್ನೂ ಕೊರೆಯುತ್ತದೆ. ಹೊಟ್ಟೆ ತುಂಬಿದ ಮೇಲೆ ಗೋಡೆ ಹತ್ತಿ ಸೂರಿನ ಮೂಲೆಯಲ್ಲಿ ಗೂಡು ಕಟ್ಟುತ್ತದೆ.

ಅವ್ವ ಗೆದ್ದೆನೆನ್ನಲಿಲ್ಲ, ಹಗೇವಿನ ಕಥೆ ತೆಗೆದಳು. ವಿಜಯಪುರ ಸೀಮೆಯಲ್ಲಿ ನೆಲದೊಳಗಿನ ಆ ಕಣಜಕ್ಕೆ ಜೋಳ ತುಂಬಿ ಬಾಯಿ ಮುಚ್ಚಿದರೆ ಒಳಗೆ ಉಸಿರಾಡಲು ಗಾಳಿ ಇಲ್ಲದೆ ಹುಳ ಸಾಯುತ್ತದೆ. ಹೆಂಡತಿಗೆ ಅರ್ಥವಾಯಿತು, ಸೀರೆ ಪೆಟ್ಟಿಗೆ ಮುಚ್ಚಿದಳು.

ಇಲ್ಲಿ ಹಗೇವು ತೋಡಲು ಮನೆಮಾಲೀಕ ಒಪ್ಪಲಾರ. ಹಾಗಾಗಿ ಹೊರನಾಡ ಬಂಧುಗಳೇ, ಊರಿನ ಹಿಟ್ಟಿರಲಿ, ಅಂಗಡಿಯ ಬಾದಾಮಿಯಿರಲಿ, ಮನೆಗೆ ಬಂದ ಕೂಡಲೇ ಒಂದು ವಾರ ಫ್ರೀಜರಿನಲ್ಲಿಡಿ. ಮೈನಸ್ 18 ಡಿಗ್ರಿ ಸೆಲ್ಸಿಯಸ್‌ನಲ್ಲಿ ಮೊಟ್ಟೆಯೂ ಉಳಿಯುವುದಿಲ್ಲ. ಜಾಗ ಸಾಲದಿದ್ದರೆ ಪಿಜ್ಜಾ ತೆಗೆಯಿರಿ.