ಚಹಾ ಕೇಳದ ಹಿಮ್ಮೇಳ

ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆ ಗಿಟಾರಿನ ಹುಡುಗ ಸದ್ದು ಹಿಡಿದಿಟ್ಟು ಮತ್ತೆ ನುಡಿಸುವ ಸ್ಯಾಂಪ್ಲರ್ ತಂದರೆ ಹಿರಿಯರ ತಕರಾರು ಒಂದೇ: ‘ಡಬ್ಬಿಯೊಳಗ ಜೀವ ಎಲ್ಲೈತಿ?’ ಹಾರ್ಮೋನಿಯಂ ಕೂಡ ಪರದೇಶದ ಡಬ್ಬಿಯೇ. ಅದನ್ನು ಮುಂದಿಟ್ಟುಕೊಂಡೇ ಕುಲಗೋಡ ತಮ್ಮಣ್ಣನ ಶ್ರೀಕೃಷ್ಣ ಪಾರಿಜಾತದ ಆಟ ಬೆಳತನಕ ನಡೆದದ್ದನ್ನು ಅವರೇ ನೋಡಿದ್ದಾರೆ. ಇನ್ನು ತಾಳದ ಲೆಕ್ಕ: 1988ರ ಅಕಾಯ್ ಎಂಪಿಸಿ 60 ಎಂಬ ಸ್ಯಾಂಪ್ಲರಿನ ಮೇಲೆ 16 ಪ್ಯಾಡು. ಪೆಟ್ಟುಗಳನ್ನು ಸಾಲಾಗಿ ನುಡಿಸುವ ಅನೇಕ ಸೀಕ್ವೆನ್ಸರುಗಳಿಗೂ 16 ಮನೆ. ನಮ್ಮ ತೀನ್‌ತಾಲಕ್ಕೂ 16 ಮಾತ್ರೆ, ಸಂಬಂಧ ಕೂಡಿಸಲು ಜಾತಕವೇ ಬೇಡ. ಏಳು ಮಾತ್ರೆಯ ರೂಪಕಕ್ಕೆ ಮಾತ್ರ ಮನೆಗಳನ್ನು 14ಕ್ಕೆ ಇಳಿಸಬೇಕು. ಮರೆತರೆ ಯಂತ್ರ ಹುಕ್ಕೇರಿಗೆ, ಗಿಟಾರು ಮೂಡಲಗಿಗೆ.

‘ಯಂತ್ರ ಕಾಯೂದಿಲ್ಲಲ್ಲ?’ ಎಂಬ ಆಕ್ಷೇಪದಲ್ಲಿ ಹುರುಳಿದೆ. ಪಾರಿಜಾತದ ಭಾಗವತ ಮಾತಿಗೆ ನಿಂತರೆ ತಬಲಾದವನೂ ನಿಲ್ಲುತ್ತಾನೆ. ಸೀಕ್ವೆನ್ಸರ್ ನಿಲ್ಲುವುದು ಗುಂಡಿ ಒತ್ತಿದಾಗ, ಇಲ್ಲವೇ ಕರೆಂಟು ಹೋದಾಗ. ಆದರೆ ಆ ಹಟವೇ ಗಿಟಾರಿನವನಿಗೆ ಮದ್ದು: ಲಯ ತಪ್ಪಿದ್ದು ಯಾರೆಂಬ ಜಗಳಕ್ಕೆ ಆಸ್ಪದವೇ ಇಲ್ಲ. ಪೆಟ್ಟುಗಳನ್ನು ಗೆರೆಗೆ ಎಳೆಯುವ ಕ್ವಾಂಟೈಜ್ ತುಸು ಸಡಿಲಿಸಿದರೆ ಕೈಯ ಹದವೂ ಉಳಿಯುತ್ತದೆ. ಜೀವವೆನ್ನುವುದು ಡಬ್ಬಿಯಲ್ಲಿಲ್ಲ, ಅದಕ್ಕೆ ತುಂಬುವ ಸದ್ದಿನಲ್ಲಿದೆ. ಮಳೆಗಾಲದ ಗೋಕಾಕ ಜಲಪಾತದ ಭೋರ್ಗರೆತ ಹಿಡಿದಿಟ್ಟರೆ ಬೇಸಿಗೆಯಲ್ಲೂ ಪ್ಯಾಡಿನಿಂದ ಧುಮ್ಮಿಕ್ಕೀತು. ಆದ್ದರಿಂದ ಗಿಟಾರಿನ ತಮ್ಮಂದಿರೇ, ಸಾವಿರ ಬಿಟ್ಟಿ ಸದ್ದು ಇಳಿಸಿಕೊಳ್ಳುವ ಮೊದಲು ನಿಮ್ಮದೇ ತಂತಿಯ ನಾಲ್ಕು ಆವರ್ತನ ತುಂಬಿಸಿರಿ.