ಬ್ರೆಜಿಲ್ ಅಧ್ಯಕ್ಷರ ಕಾಶಿಯಾತ್ರೆ

ಚುನಾವಣೆ ಗೆಲ್ಲಲು ಪಕ್ಷ ಬೇಕು, ದುಡ್ಡು ಬೇಕು, ಬೂತ್ ಮಟ್ಟದ ಕಾರ್ಯಕರ್ತರು ಬೇಕು ಎಂದು ನಂಬಿದವರು ಬ್ರೆಜಿಲ್‌ನ ಜಾನಿಯೊ ಕ್ವಾಡ್ರೋಸ್ ಅವರನ್ನು ಒಮ್ಮೆ ನೆನೆಯಬೇಕು. ಶಾಲೆಯಲ್ಲಿ ಪೋರ್ಚುಗೀಸ್ ಕಲಿಸುತ್ತಿದ್ದ ಈ ಮೇಷ್ಟರು 1960ರ ಅಧ್ಯಕ್ಷ ಚುನಾವಣೆಯಲ್ಲಿ ಕೈಗೆತ್ತಿಕೊಂಡದ್ದು ಒಂದು ಪೊರಕೆ. ಭ್ರಷ್ಟಾಚಾರವನ್ನು ಗುಡಿಸಿ ಹಾಕುತ್ತೇನೆ ಎಂದರು. ಜನ ಪುಟ್ಟ ಪೊರಕೆಯ ಪಿನ್ನುಗಳನ್ನು ಎದೆಗೆ ಚುಚ್ಚಿಕೊಂಡು ಓಡಾಡಿದರು. ಪೊರಕೆಗೆ ಓಟು ತರುವ ಶಕ್ತಿ ಇದೆ ಎಂಬುದು ದೆಹಲಿಯವರು ಕಂಡುಹಿಡಿದ ಸಂಗತಿಯೇನಲ್ಲ.

ವೇಷವೂ ಪಾತ್ರಕ್ಕೆ ತಕ್ಕಂತಿತ್ತು. ಕೆದರಿದ ಕೂದಲು, ಮುದುಡಿದ ಕೋಟು, ಭುಜದ ಮೇಲೆ ತಲೆಹೊಟ್ಟು. ಭಾಷಣದ ನಡುವೆ ಜೇಬಿನಿಂದ ಸ್ಯಾಂಡ್‌ವಿಚ್ ತೆಗೆದು ವೇದಿಕೆಯಲ್ಲೇ ಕಚ್ಚುತ್ತಿದ್ದರು, ಪಾಪ, ಬಡವರಿಗಾಗಿ ದುಡಿದು ದುಡಿದು ಊಟಕ್ಕೂ ಪುರಸೊತ್ತಿಲ್ಲ! ಅದು ಹೊಟ್ಟಲ್ಲ, ಉದುರಿಸಿಕೊಂಡ ಪೌಡರು ಎಂದು ವಿರೋಧಿಗಳು ಗೊಣಗಿದರು. ಗೊಣಗಿದವರಿಗೆ ಓಟು ಬೀಳಲಿಲ್ಲ. ಎದುರಾಳಿ ಮಾರ್ಷಲ್ ಲಾಟ್ ಅವರ ಗುರುತು ಕತ್ತಿ. ಪೊರಕೆಯ ಮುಂದೆ ಅದು ಮೊಂಡಾಯಿತು. ಕ್ವಾಡ್ರೋಸ್‌ಗೆ ಸುಮಾರು 56 ಲಕ್ಷ ಮತ, ಶೇಕಡ 48. ಬ್ರೆಜಿಲ್‌ನಲ್ಲಿ ಅಲ್ಲಿಯವರೆಗೆ ಯಾರೂ ಅಷ್ಟು ಮತ ಪಡೆದಿರಲಿಲ್ಲ.

ಗೆಲುವಿನಲ್ಲಿ ಒಂದು ಸಣ್ಣ ಹುಳುಕಿತ್ತು. ಅಲ್ಲಿ ಆಗ ಉಪಾಧ್ಯಕ್ಷರಿಗೆ ಬೇರೆಯೇ ಓಟು. ಕ್ವಾಡ್ರೋಸ್ ಜೊತೆ ನಿಂತವರು ಸೋತು, ಎದುರು ಪಾಳಯದ ಎಡಪಂಥೀಯ ಒಲವಿನ ಜೊವಾವ್ ಗುಲಾರ್ಟ್ ಗೆದ್ದರು. ಸಂಸತ್ತಿನಲ್ಲೂ ಅಧ್ಯಕ್ಷರಿಗೆ ಬಹುಮತವಿರಲಿಲ್ಲ. 56 ಲಕ್ಷ ಜನ ಹಿಂದಿರುವಾಗ ಕೆಲವು ನೂರು ಸದಸ್ಯರ ಮುಲಾಜೇಕೆ ಎಂದುಕೊಂಡರೋ ಏನೋ.

1961ರ ಜನವರಿ 31ರಂದು ಹೊಚ್ಚಹೊಸ ರಾಜಧಾನಿ ಬ್ರೆಸೀಲಿಯಾದಲ್ಲಿ ಪ್ರಮಾಣವಚನವಾಯಿತು. ಹಿಂದಿನ ಅಧ್ಯಕ್ಷ ಕುಬಿಚೆಕ್ ಊರು ಕಟ್ಟಿ, ಜೊತೆಗೆ ಸಾಲವನ್ನೂ ಹಣದುಬ್ಬರವನ್ನೂ ಬಳುವಳಿಯಾಗಿ ಬಿಟ್ಟುಹೋಗಿದ್ದರು. ಈಗ ಶುರುವಾಯಿತು ನೋಡಿ, ಗುಡಿಸುವ ಕೆಲಸ. ಸೌಂದರ್ಯ ಸ್ಪರ್ಧೆಯಲ್ಲಿ ಈಜುಡುಗೆ ನಿಷೇಧ. ಕೋಳಿ ಅಂಕ ನಿಷೇಧ. ವಾರದ ದಿನಗಳಲ್ಲಿ ಕುದುರೆ ರೇಸು ಬಂದ್. ಕಾರ್ನಿವಲ್‌ನಲ್ಲಿ ಜನ ಒಬ್ಬರ ಮೇಲೊಬ್ಬರು ಚಿಮುಕಿಸಿ, ಮೂಸಿ ಮತ್ತೇರಿಸಿಕೊಳ್ಳುತ್ತಿದ್ದ ಸುಗಂಧದ ಸೀಸೆಯೂ ನಿಷಿದ್ಧ. ಸರ್ಕಾರಿ ನೌಕರರಿಗೆ ಸಫಾರಿ ಸೂಟಿನಂಥ ಉಡುಪು ಬಂತು. ಜನ ಅಧ್ಯಕ್ಷರ ಹೆಸರನ್ನೂ ಪೈಜಾಮವನ್ನೂ ಸೇರಿಸಿ ಹೊಲಿದು ಅದಕ್ಕೊಂದು ಅಡ್ಡಹೆಸರಿಟ್ಟರು. ಸಫಾರಿ ಸೂಟು ಕಂಡರೆ ಎದ್ದು ನಿಲ್ಲುವ ಅಭ್ಯಾಸವಿರುವ ನಾವು ನಗುವ ಹಾಗಿಲ್ಲ. ಕೋಳಿ ಅಂಕದ ನಿಷೇಧವನ್ನಂತೂ ಅವರ ನಂತರ ಬಂದವರು ಮರುವರ್ಷವೇ ರದ್ದು ಮಾಡಿದರು. ನಿಷೇಧಕ್ಕೂ ಅಂಕಕ್ಕೂ ಇರುವ ಸಂಬಂಧ ಏನೆಂಬುದನ್ನು ನಮ್ಮ ಕರಾವಳಿಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಇದೆಲ್ಲ ನಡೆಯುತ್ತಿದ್ದದ್ದು ಚೀಟಿಯ ಮೇಲೆ. ಸಚಿವರಿಗೆ ಅಧ್ಯಕ್ಷರಿಂದ ಚೀಟಿ, ಅಧಿಕಾರಿಗೆ ಚೀಟಿ, ಸಣ್ಣಪುಟ್ಟ ಸಂಗತಿಗೂ ಚೀಟಿ. ಅವು ಪತ್ರಿಕೆಗಳಲ್ಲಿ ಅಚ್ಚಾಗಿ ಊರಿಗೆಲ್ಲ ಗೊತ್ತಾಗುತ್ತಿದ್ದವು. ಸಂಪುಟ ಸಭೆ, ಚರ್ಚೆ, ಮಸೂದೆ ಎಂಬ ತಾಪತ್ರಯವಿಲ್ಲ. ಮೇಷ್ಟರು ತರಗತಿಯ ಅಭ್ಯಾಸವನ್ನು ಬಿಟ್ಟಿರಲಿಲ್ಲ.

ಹಾಗೆಂದು ಬರೀ ನಗುವುದೂ ಅನ್ಯಾಯ. ಮಾರ್ಚ್‌ನಲ್ಲಿ ಅವರು ಮಾಡಿದ ವಿನಿಮಯ ದರದ ಸುಧಾರಣೆ ನಿಜಕ್ಕೂ ಎದೆಗಾರಿಕೆಯದು. ಹಣದ ಅಪಮೌಲ್ಯ ಮಾಡಿದರು, ಗೋಧಿ ಮತ್ತು ತೈಲದ ಆಮದಿಗೆ ಕೊಡುತ್ತಿದ್ದ ಸಬ್ಸಿಡಿಗೆ ಕತ್ತರಿ ಹಾಕಿದರು. ಐಎಂಎಫ್ ಮೆಚ್ಚಿ ತಲೆದೂಗಿತು, ಸಾಲದ ಕಂತುಗಳಿಗೆ ಸಮಯ ಸಿಕ್ಕಿತು, ಬ್ರೆಡ್ಡಿನ ಬೆಲೆ ಏರಿತು. ಸ್ಯಾಂಡ್‌ವಿಚ್ ತಿಂದು ಗೆದ್ದವರ ರಾಜ್ಯದಲ್ಲಿ ಸ್ಯಾಂಡ್‌ವಿಚ್ಚೇ ತುಟ್ಟಿಯಾಯಿತು. ಏಪ್ರಿಲ್ 14ರಂದು ಅಮೆಜಾನ್ ಸೀಮೆಯ ಆದಿವಾಸಿಗಳಿಗಾಗಿ ಷಿಂಗು ರಾಷ್ಟ್ರೀಯ ಉದ್ಯಾನಕ್ಕೆ ಸಹಿ ಹಾಕಿದರು. ಅದು ಇಂದಿಗೂ ಉಳಿದಿದೆ. ಆ ಏಳು ತಿಂಗಳಲ್ಲಿ ಗಟ್ಟಿಯಾಗಿ ನಿಂತ ಕೆಲಸ ಎಂದು ನಾನು ಲೆಕ್ಕಕ್ಕೆ ಹಿಡಿಯುವುದು ಇದೊಂದನ್ನೇ.

ಆಗಸ್ಟ್ 19ರಂದು ಚೆ ಗುವಾರಾರನ್ನು ಕರೆಸಿ ದೇಶದ ದೊಡ್ಡ ಪದಕ ತೊಡಿಸಿದರು. ಬೆಂಬಲಿಸಿದ್ದ ಬಲಪಂಥೀಯರು ಕೆಂಡವಾದರು. ಅಧ್ಯಕ್ಷರು ತಮ್ಮ ಮಂತ್ರಿಯ ಮೂಲಕ ಸರ್ವಾಧಿಕಾರಕ್ಕೆ ಸಂಚು ಹೂಡಿದ್ದಾರೆ ಎಂದು ಅವರಲ್ಲೊಬ್ಬರಾದ ಗವರ್ನರ್ ಲಾಸೆರ್ದ 24ರ ರಾತ್ರಿ ಜಗಜ್ಜಾಹೀರು ಮಾಡಿದರು. 25 ಶುಕ್ರವಾರ. ಬೆಳಿಗ್ಗೆ ಸೈನಿಕರ ದಿನದ ಪೆರೇಡಿನಲ್ಲಿ ವಂದನೆ ಸ್ವೀಕರಿಸಿದ ಅಧ್ಯಕ್ಷರು, ಭಯಂಕರ ಶಕ್ತಿಗಳು ನನ್ನ ವಿರುದ್ಧ ಎದ್ದಿವೆ ಎಂಬರ್ಥದ ರಾಜೀನಾಮೆ ಪತ್ರ ಬರೆದಿಟ್ಟು ವಿಮಾನ ಹತ್ತಿದರು.

ನಮ್ಮ ಮದುವೆಗಳಲ್ಲಿ ವರ ಕೊಡೆ ಹಿಡಿದು ಕಾಶಿಗೆ ಹೊರಡುತ್ತಾನಲ್ಲ, ಥೇಟ್ ಅದೇ. ನಾಲ್ಕು ಹೆಜ್ಜೆ ಹೋಗುವಷ್ಟರಲ್ಲಿ ಹೆಣ್ಣಿನ ಕಡೆಯವರು ಓಡಿಬಂದು ಕೈಹಿಡಿದು, ಹೋಗಬೇಡಿ ಎನ್ನುತ್ತಾರೆಂಬ ಭರವಸೆಯಿಂದಲೇ ವರ ಹೊರಡುವುದು. ಕ್ವಾಡ್ರೋಸ್ ಈ ಶಾಸ್ತ್ರವನ್ನು ಒಮ್ಮೆ ಮಾಡಿ ನೋಡಿಯೂ ಇದ್ದರು: 1959ರ ನವೆಂಬರ್‌ನಲ್ಲಿ ಉಮೇದುವಾರಿಕೆಯೇ ಬೇಡವೆಂದು ಮುನಿಸಿಕೊಂಡು ಹೊರಟಿದ್ದರು, ಪಕ್ಷದವರು ಕಾಲಿಗೆ ಬಿದ್ದು ಡಿಸೆಂಬರ್‌ನಲ್ಲಿ ವಾಪಸ್ ಕರೆತಂದಿದ್ದರು. ಈ ಸಲ ಲೆಕ್ಕ ಇನ್ನೂ ಪಕ್ಕಾ. ಉಪಾಧ್ಯಕ್ಷ ಗುಲಾರ್ಟ್ ಇವರೇ ಕಳಿಸಿದ್ದ ದೂರದ ಕಮ್ಯುನಿಸ್ಟ್ ಚೀನಾದ ಪ್ರವಾಸದಲ್ಲಿದ್ದರು. ಅವರನ್ನು ಕೂರಿಸಲು ಸೇನೆ ಒಪ್ಪುವುದಿಲ್ಲ, ಜನ ಬೀದಿಗಿಳಿಯುತ್ತಾರೆ, ಸಂಸತ್ತು ಹೆಚ್ಚಿನ ಅಧಿಕಾರ ಕೊಟ್ಟು ಕರೆಯುತ್ತದೆ. ಇದು ಊಹೆಯಲ್ಲ, ಕೊನೆಗಾಲದಲ್ಲಿ ಮೊಮ್ಮಗನ ಮುಂದೆ ಅವರೇ ಹೆಚ್ಚುಕಡಿಮೆ ಹೀಗೆಂದು ಒಪ್ಪಿಕೊಂಡರಂತೆ.

ಸಾವೊ ಪೌಲೊದ ಕುಂಬಿಕಾ ವಾಯುನೆಲೆಯಲ್ಲಿ ಕಾದರು. ಅತ್ತ ಬ್ರೆಸೀಲಿಯಾದಲ್ಲಿ, ರಾಜೀನಾಮೆ ಎಂಬುದು ಕೊಟ್ಟವರ ಏಕಪಕ್ಷೀಯ ನಿರ್ಧಾರ, ಮತಕ್ಕೆ ಹಾಕುವ ಪ್ರಮೇಯವೇ ಇಲ್ಲ ಎಂದು ಸಂಸತ್ತು ಪತ್ರ ಓದಿ ಮುಗಿಸಿತು. ಕೆಲವೇ ಗಂಟೆಗಳಲ್ಲಿ ಕೆಳಮನೆಯ ಸಭಾಪತಿ ಮಾಜಿಲಿ ಹಂಗಾಮಿ ಅಧ್ಯಕ್ಷರಾದರು. ಬೀದಿಯಲ್ಲಿ ಜನವಿರಲಿಲ್ಲ. ಐದು ವರ್ಷದ ಅಧಿಕಾರವನ್ನು ಏಳು ತಿಂಗಳೂ ತುಂಬದೆ ಬಿಟ್ಟುಕೊಟ್ಟವರು ಹಡಗು ಹತ್ತಿ ಯುರೋಪಿಗೆ ಹೋದರು. ರಾಜೀನಾಮೆ ಜೇಬಿನಲ್ಲೇ ಇದೆ ಎಂದು ವಾರಕ್ಕೊಮ್ಮೆ ಗುಡುಗಿ, ಜೇಬಿನಿಂದ ಹೊರಗೆ ತೆಗೆಯದ ನಮ್ಮ ನಾಯಕರ ಜಾಣತನದ ಬೆಲೆ ಇಲ್ಲಿ ತಿಳಿಯುತ್ತದೆ.

ಬೆಲೆ ತೆತ್ತವರು ಬೇರೆ. ಗುಲಾರ್ಟ್ ಬೇಡವೆಂದು ಸೇನೆ ಅಡ್ಡ ನಿಂತಿತು. ಅಧ್ಯಕ್ಷರ ಅಧಿಕಾರ ಮೊಟಕುಗೊಳಿಸಿ, ಸಂಸದೀಯ ಪದ್ಧತಿಯೆಂಬ ತೇಪೆ ಹಚ್ಚಿ ಸೆಪ್ಟೆಂಬರ್ 7ರಂದು ಅವರನ್ನು ಕೂರಿಸಿದರು. 1964ರಲ್ಲಿ ಸೇನೆ ತೇಪೆಯನ್ನೂ ಬಟ್ಟೆಯನ್ನೂ ಕಿತ್ತೆಸೆದು 21 ವರ್ಷ ಆಳಿತು. ಎಲ್ಲವನ್ನೂ ಒಂದು ಪತ್ರದ ತಲೆಗೆ ಕಟ್ಟಲಾಗದು, ಆದರೆ ಬಾಗಿಲು ತೆರೆದಿಟ್ಟು ಹೋದವರು ಇವರೇ.

ಮತದಾರರಿಗೆ ಬುದ್ಧಿ ಬಂತೆ? 1985ರಲ್ಲಿ ಸಾವೊ ಪೌಲೊ ಮೇಯರ್ ಸ್ಥಾನಕ್ಕೆ ಇದೇ ಕ್ವಾಡ್ರೋಸ್ ನಿಂತು ಗೆದ್ದರು. ಸೋತವರು ಫೆರ್ನಾಂದೊ ಹೆನ್ರಿಕೆ ಕಾರ್ಡೋಸೊ. ಗೆಲುವು ಖಚಿತವೆಂದು ಮತದಾನಕ್ಕೆ ಮುಂಚೆಯೇ ಮೇಯರ್ ಕುರ್ಚಿಯಲ್ಲಿ ಕೂತು ಫೋಟೊ ತೆಗೆಸಿಕೊಂಡಿದ್ದವರು. ಹೊಸ ಮೇಯರ್ ಅಧಿಕಾರ ವಹಿಸಿಕೊಂಡ ದಿನ ಕ್ಯಾಮೆರಾಗಳ ಮುಂದೆ ಆ ಕುರ್ಚಿಗೆ ಕೀಟನಾಶಕ ಹೊಡೆದರು. ಕೀಟ ಸಾಯಲಿಲ್ಲವೆಂದು ಕಾಣುತ್ತದೆ: ಕಾರ್ಡೋಸೊ ಮುಂದೆ ಅಧ್ಯಕ್ಷರಾಗಿ, ಎಲ್ಲೂ ಎದ್ದುಹೋಗದೆ, ಎಂಟು ವರ್ಷ ಕೂತರು.